ಒರೆಸೋರನ್ನ ಕರೀರಿ

ಅವರು ಯಾರ ಮನೆಗೆ ಹೋದರೂ ಮೊದಲು ನೆಲದ ಮೇಲೆ ಮಲಗುತ್ತಿದ್ದರು. ಚಪ್ಪಲಿಯನ್ನು ಬಾಗಿಲ ಹೊರಗೆ ಜೋಡಿಸಿಟ್ಟು, ಒಂದು ನಮಸ್ಕಾರ ಹೇಳಿ, ಹೆಗಲ ಚೀಲದಿಂದ ಟಾರ್ಚು ತೆಗೆದು, ಮನೆಯವರು "ಬನ್ನಿ, ಕೂತ್ಕೊಳ್ಳಿ" ಎನ್ನುವಷ್ಟರಲ್ಲಿ ಮೇಜಿನಡಿಗೆ ಅಂಗಾತ ಸರಿದುಬಿಟ್ಟಿರುತ್ತಿದ್ದರು. ಆಮೇಲೆ ಹೊರಗೆ ಕಾಣುವುದು ಲಾರಿ ಕೆಳಗಿನ ಮೆಕ್ಯಾನಿಕ್ಕಿನ ಹಾಗೆ ಎರಡು ಕಾಲು ಮಾತ್ರ. ಮೊದಲ ಸಲ ಅವರ ಜೊತೆ ಹೋದಾಗ ನಾನು ನಾಚಿಕೊಂಡು, ಮನೆಯಾಕೆಯ ಮುಖ ನೋಡಲಾರದೆ, ಗೋಡೆಯ ಕ್ಯಾಲೆಂಡರ್ ಓದುತ್ತ ನಿಂತಿದ್ದೆ. ಕೆಳಗಿನಿಂದ ದನಿ ಬಂತು: "ವಕೀಲಮ್ಮ, ಬರ್ಕೊಳಿ. ಮೇಲ್ಗಡೆ ತೇಗ, ಕೆಳಗಡೆ ಮಾವಿನ ಹಲಗೆ. ಮೇಲೆ ಕಾಣೋದೆಲ್ಲ ನೆಂಟರಿಗೋಸ್ಕರ ಮಾಡಿದ್ದು."

ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೊರಟವರು ಸಂಜೆ ಹೊತ್ತಿಗೆ ಮುಂದಿನಿಂದ ಬಿಳಿ, ಹಿಂದಿನಿಂದ ಕಂದು. ಅವರ ಹೆಂಡತಿ ಆ ಬೆನ್ನು ನೋಡಿಯೇ ಇವತ್ತು ಎಷ್ಟು ಮನೆ ಆಯಿತು ಎಂದು ಹೇಳುತ್ತಿದ್ದರಂತೆ.

ನಾನಾಗ ಜಯನಗರ ನಾಲ್ಕನೇ ಬ್ಲಾಕಿನ ಹಿರಿಯ ವಕೀಲರೊಬ್ಬರ ಹತ್ತಿರ ಜೂನಿಯರ್ ಆಗಿದ್ದೆ. ತೊಂಬತ್ತರ ದಶಕದ ಕೊನೆಯ ವರ್ಷಗಳು. ಹಳೆಯ ಒಂಟಿ ಮನೆಗಳನ್ನು ಕೆಡವಿ ಫ್ಲ್ಯಾಟು ಕಟ್ಟುವ ಭರಾಟೆ ಶುರುವಾಗಿತ್ತು. ಮನೆ ಕೆಡವುವ ಮೊದಲು ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳಬೇಕು. ಪಾಲು ಎಂದರೆ ಪಟ್ಟಿ. ಪಟ್ಟಿ ಎಂದರೆ ಜೂನಿಯರ್ ಕೆಲಸ. ಜಾಗಕ್ಕೆ ಬೆಲೆ ಕಟ್ಟಲು ಎಂಜಿನಿಯರ್ ಬರುತ್ತಿದ್ದರು, ಒಡವೆಗೆ ಅಕ್ಕಸಾಲಿ, ಮರದ ಸಾಮಾನಿಗೆ ಇವರು. ಕಸುಬಿನಿಂದ ಇವರು ಬೆತ್ತ ಹೆಣೆಯುವವರು. ಯಡಿಯೂರು ಕೆರೆಯ ಹಿಂದಿನ ಬೀದಿಯಲ್ಲಿ ಅಂಗಡಿ, 'ಬೆತ್ತದ ಕುರ್ಚಿ ಹೆಣೆದು ಕೊಡಲಾಗುವುದು' ಎಂಬ ಬೋರ್ಡು, ಒಳಗೆ ಒಂದು ಗೂಡಿನಲ್ಲಿ ಬುದ್ಧನ ಸಣ್ಣ ಮೂರ್ತಿ, ಅದರ ಮುಂದೆ ದಿನವೂ ಒಂದು ಕಣಗಿಲೆ ಹೂವು. ಬೆಲೆ ಕಟ್ಟುವುದನ್ನು ಅವರು ಯಾವ ಶಾಲೆಯಲ್ಲೂ ಕಲಿತದ್ದಲ್ಲ.

ಒಮ್ಮೆ ಕೇಳಿದೆ, ಇದನ್ನೆಲ್ಲ ಹೇಗೆ ಕಲಿತಿರಿ ಎಂದು. ಅವರು ಬೆತ್ತ ನೆನೆಹಾಕುತ್ತ ಹೇಳಿದರು: "ನಮ್ಮಪ್ಪಾನೂ ಇದೇ ಕೆಲಸ. ದೊಡ್ಡ ದೊಡ್ಡ ಮನೆಗಳಿಗೆ ಹೋಗ್ತಿದ್ರು. ಒಳಗೆ ಕರೀತಿರ್ಲಿಲ್ಲ. ಹಿತ್ತಿಲಿಗೆ ಕುರ್ಚಿ ತಂದು ಬೋರಲು ಹಾಕೋರು. ಅಪ್ಪ ಊರಿನ ಎಲ್ಲಾ ಕುರ್ಚಿನೂ ತಲೆಕೆಳಗಾಗೇ ನೋಡಿದ್ರು. ಕೂತು ಒಂದನ್ನೂ ನೋಡ್ಲಿಲ್ಲ." ಹೇಳಿದ ರೀತಿಯಲ್ಲಿ ಕಹಿ ಇರಲಿಲ್ಲ. ಕೆರೆಯಲ್ಲಿ ಈ ವರ್ಷ ನೀರು ಕಮ್ಮಿ ಎಂದು ಹೇಳುವ ಹಾಗೆ ಹೇಳಿ ಬೆತ್ತವನ್ನು ನೀರಿನಲ್ಲಿ ಒತ್ತಿದರು.

ಅಡಿಯಿಂದ ಎದ್ದ ಮೇಲೆ ಅವರು ಮಾಡುತ್ತಿದ್ದ ಎರಡನೆಯ ಕೆಲಸ ನನಗೆ ಆಗ ಅರ್ಥವಾಯಿತು. ಕುರ್ಚಿಯಾದರೆ ಅದರ ಮೇಲೆ ಕೂರುತ್ತಿದ್ದರು. ಬೆನ್ನು ಒರಗಿಸಿ, ಕೈಗಳನ್ನು ಕುರ್ಚಿಯ ಕೈಗಳ ಮೇಲೆ ಪೂರ್ತಿ ಚಾಚಿ, ಕಣ್ಣು ಮುಚ್ಚಿ ಒಂದು ನಿಮಿಷ. ಕೆಲವು ಮನೆಗಳಲ್ಲಿ ಯಜಮಾನರ ಹುಬ್ಬು ಮೇಲೇರುವುದನ್ನು ನಾನೇ ಕಂಡಿದ್ದೇನೆ. "ತಾತನವರ ಕುರ್ಚಿ ಅದು, ನಾವೂ ಕೂರಲ್ಲ" ಎಂದರೊಬ್ಬರು. ಇವರು ಕಣ್ಣು ತೆರೆಯದೆ, "ಕೂರದೆ ಬೆಲೆ ಹೇಳೋದು ಹೇಗೆ ಸಾರ್?" ಎಂದರು. ನಿಮಿಷ ಮುಗಿಯುವವರೆಗೆ ಏಳಲಿಲ್ಲ.

ಅವರಿಗೆ ತುಂಬಾ ಇಷ್ಟವಾದದ್ದು ಎರಡು ಮೂರು ಕೆಲಸ ಮಾಡುವ ಸಾಮಾನುಗಳು. ಮುಚ್ಚಳ ಹಾಕಿದರೆ ಮಲಗುವ ಹಲಗೆ, ತೆಗೆದರೆ ಅಕ್ಕಿ ತುಂಬುವ ಪೆಟ್ಟಿಗೆ. ಮಡಿಸಿದರೆ ಸೂಟ್‌ಕೇಸು, ಬಿಚ್ಚಿದರೆ ಬರೆಯುವ ಮೇಜು. ಮೂರನೇ ಬ್ಲಾಕಿನಲ್ಲಿ ನಿವೃತ್ತ ಡಾಕ್ಟರೊಬ್ಬರ ಮನೆಗೆ ಹೋಗಿದ್ದೆವು. ಗ್ಯಾರೇಜಿನಲ್ಲಿ ಒಂದು ಭಾರಿ ಕುರ್ಚಿ, ಅದರ ಮೇಲೆ ಕ್ರೋಟನ್ ಕುಂಡ. ಅಲುಗಾಡುತ್ತದೆ, ಕಾಲು ಹೋಗಿದೆ, ಸೌದೆಗೆ ಹಾಕಿ ಎಂದರು ಡಾಕ್ಟರ ಹೆಂಡತಿ. ಇವರು ಕುಂಡ ಇಳಿಸಿ, ಅಡಿಗೆ ಹೋಗಿ, ಎಲ್ಲೋ ಒಂದು ಕೊಕ್ಕೆ ಬಿಡಿಸಿ, ಕುರ್ಚಿಯ ಬೆನ್ನು ಹಿಡಿದು ಮುಂದಕ್ಕೆ ಮಗುಚಿದರು. ಕುರ್ಚಿ ನಾಲ್ಕು ಮೆಟ್ಟಿಲ ಏಣಿಯಾಗಿ ನಿಂತಿತು! ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡು, "ಅಯ್ಯೋ, ಅಟ್ಟದಿಂದ ಉಪ್ಪಿನಕಾಯಿ ಜಾಡಿ ಇಳಿಸೋಕೆ ಮೂವತ್ತು ವರ್ಷ ಪಕ್ಕದ್ಮನೆ ಏಣಿ ತಂದ್ವಲ್ರೀ" ಎಂದು ನಗಲಾರಂಭಿಸಿದರು. ಡಾಕ್ಟರು ಮಾತ್ರ ನಗಲಿಲ್ಲ. ಪ್ರತಿ ಸಲ ಏಣಿ ಹೊತ್ತು ತಂದವರು ಅವರೇ ಆಗಿದ್ದರು.

"ಎರಡು ಕೆಲಸ ಮಾಡೋ ಸಾಮಾನು ಒಂದನ್ನ ಇಷ್ಟಪಟ್ಟು ಮಾಡುತ್ತೆ, ಇನ್ನೊಂದನ್ನ ಹೇಳಿದ್ರು ಅಂತ ಮಾಡುತ್ತೆ" ಎನ್ನುತ್ತಿದ್ದರು. ಯಾವುದು ಇಷ್ಟದ್ದು ಎಂದು ತಿಳಿಯಲು ಕೈ ಸವೆದ ಜಾಗ ಹುಡುಕುತ್ತಿದ್ದರು. ಎಳೆಯುವ ಕಡೆ ಮರ ನುಣುಪಾಗಿದ್ದರೆ ಅದು ನಿಜವಾಗಿ ಬಳಸಿದ ವಸ್ತು. ಸ್ಕ್ರೂವಿನ ತಲೆಯ ಗೆರೆ ನಡುವಿಗಿಲ್ಲದೆ ವಾರೆಯಾಗಿದ್ದರೆ ಕೈಯಲ್ಲಿ ಮಾಡಿದ ಹಳೆಯ ಸ್ಕ್ರೂ. ನಾಲ್ಕು ಸ್ಕ್ರೂಗಳಲ್ಲಿ ಎರಡು ಹೊಳೆಯುತ್ತಿದ್ದರೆ ಯಾರೋ ನಡುವೆ ಕೈಯಾಡಿಸಿದ್ದಾರೆ. ಅವರು ಬರುತ್ತಾರೆಂದು ಹಿಂದಿನ ದಿನವೇ ಪಾಲಿಶ್ ಹೊಡೆಸಿ ಕಾಯುತ್ತಿದ್ದ ಮನೆಗಳಲ್ಲಿ ಅವರ ಮುಖ ಸಪ್ಪಗಾಗುತ್ತಿತ್ತು. ಅಷ್ಟು ಸಾಕ್ಷಿಯನ್ನೂ ಪಾಲಿಶ್ ನುಂಗಿರುತ್ತಿತ್ತು.

ಹಾಗೆಂದು ಹಳೆಯದೆಲ್ಲ ಚಿನ್ನ ಎನ್ನುವ ಜಾತಿಯಲ್ಲ. ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದ ಧಾರವಾಡ ಕಡೆಯ ಗಂಡ ಹೆಂಡತಿ ಊರಿಗೆ ವರ್ಗವಾಗಿ ಹೊರಟವರು, ತಮ್ಮ ಪ್ಲೈವುಡ್ಡಿನ ಸೋಫಾ-ಕಮ್-ಬೆಡ್ ತೋರಿಸಿ, "ಇದಕ್ಕೂ ಏನರ ಬೆಲಿ ಬರತೈತೇನ್ರಿ?" ಎಂದು ಸಂಕೋಚದಿಂದ ಕೇಳಿದರು. ಇವರು ಅದರಡಿಗೂ ಅಷ್ಟೇ ಗಂಭೀರವಾಗಿ ಮಲಗಿ, ಎದ್ದು, ಹಾಸಿಗೆ ಮಾಡಿ, ಮತ್ತೆ ಸೋಫಾ ಮಾಡಿ, "ಅಂಗಡಿಯವನು ಏನೂ ಕೊಡಲ್ಲ. ತಗೊಂಡೇ ಹೋಗಿ. ಇದು ಎರಡು ಕೆಲಸಾನೂ ಇಷ್ಟಪಟ್ಟು ಮಾಡಿದೆ" ಎಂದರು. ಆ ಹೆಣ್ಣುಮಗಳ ಮುಖ ಅರಳಿತು. ಬೆಲೆಯಿಲ್ಲ ಎಂದು ಹೇಳಿಸಿಕೊಂಡು ಅಷ್ಟು ಖುಷಿಪಟ್ಟವರನ್ನು ನಾನು ಬೇರೆ ಕಂಡಿಲ್ಲ.

ಆದರೆ ಅವರ ಕೆಲಸದಲ್ಲಿ ನನ್ನನ್ನು ಬಹಳ ಕಾಡಿದ್ದು ಒಂದು ಮಾತು. ಯಾವ ಮನೆಯಲ್ಲೇ ಆಗಲಿ, ಯಜಮಾನರು ತಾತನ ಕಾಲದ ಕಥೆ ಶುರು ಮಾಡಿದರೆ ಕೈ ಎತ್ತಿ ನಿಲ್ಲಿಸುತ್ತಿದ್ದರು. "ಸಾರ್, ಆಮೇಲೆ ಕೇಳ್ತೀನಿ. ಇದನ್ನ ದಿನಾ ಒರೆಸೋರು ಯಾರು? ಒರೆಸೋರನ್ನ ಕರೀರಿ." ಅಡುಗೆಮನೆಯಿಂದಲೋ ಹಿತ್ತಿಲಿನಿಂದಲೋ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಬ್ಬ ಹೆಂಗಸು ಬಂದು ಬಾಗಿಲ ಹತ್ತಿರ ನಿಲ್ಲುತ್ತಿದ್ದಳು. ಅವರ ಪ್ರಶ್ನೆ ಸಣ್ಣಸಣ್ಣವು. ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತದೆ? ಎಲ್ಲಿ ಧೂಳು ಮತ್ತೆ ಮತ್ತೆ ಉದುರುತ್ತದೆ? ಎಳೆಯುವಾಗ ಎತ್ತ ಭಾರ? ಬರುವ ಉತ್ತರವನ್ನು, ರೋಗಿ ಹೇಳುವುದನ್ನು ಡಾಕ್ಟರು ಕೇಳುವಷ್ಟು ಗಮನವಿಟ್ಟು ಕೇಳುತ್ತಿದ್ದರು.

ಕೆಲಸ ಮುಗಿದ ಮೇಲೆ ಕಿವಿಗೆ ಸಿಕ್ಕಿಸಿದ ಬಡಗಿ ಪೆನ್ಸಿಲ್ ತೆಗೆದು ಇನ್ನೊಂದು ಸಲ ಅಡಿಗೆ ಹೋಗುತ್ತಿದ್ದರು. ಏನೋ ನಂಬರು ಹಾಕುತ್ತಾರೆ ಎಂದುಕೊಂಡಿದ್ದೆ. ಕಾಫಿ ಕುಡಿಯುತ್ತಿದ್ದುದು ಆಮೇಲೆಯೇ. ಕುಡಿದ ಲೋಟವನ್ನು ಎತ್ತಿ ಅದರ ಮೈಯನ್ನೂ ನೋಡುವ ಚಾಳಿ. ಸ್ಟೀಲ್ ಪಾತ್ರೆಗೆಲ್ಲ ನಮ್ಮಲ್ಲಿ ಉಡುಗೊರೆ ಕೊಟ್ಟವರ ಹೆಸರು ಕೆತ್ತಿಸಿರುತ್ತಾರಲ್ಲ. "ಕೊಟ್ಟೋರ ಹೆಸರಿರುತ್ತೆ, ವಕೀಲಮ್ಮ. ತೊಳೆಯೋರ ಹೆಸರು ಎಲ್ಲೂ ಇರಲ್ಲ" ಎಂದು ಒಮ್ಮೆ ದಾರಿಯಲ್ಲಿ ಹೇಳಿದರು. ನಾನು ನಕ್ಕು ಬಸ್ಸು ಹತ್ತಿದೆ.

ಇನ್ನು ನನ್ನ ತಪ್ಪಿನ ವಿಷಯಕ್ಕೆ ಬರಬೇಕು. ಅದನ್ನು ಬಿಟ್ಟು ಅವರ ಬಗ್ಗೆ ಬರೆದರೆ ಅಡಿ ನೋಡದೆ ಬೆಲೆ ಕಟ್ಟಿದ ಹಾಗೆ.

ಜಯನಗರದ್ದೇ ಒಂದು ಮನೆ. ಅಪ್ಪ ಕಂದಾಯ ಇಲಾಖೆಯಲ್ಲಿ ಊರೂರು ತಿರುಗಿ ಕೊನೆಗೆ ಇಲ್ಲಿ ಮನೆ ಕಟ್ಟಿದವರು, ಎಂದೋ ತೀರಿಕೊಂಡಿದ್ದರು. ತಾಯಿ ಹೋಗಿ ಎಂಟು ತಿಂಗಳಾಗಿತ್ತು. ಮೂವರು ಮಕ್ಕಳು. ಹಿರಿಯ ಮಗ ಬನಶಂಕರಿಯಲ್ಲಿ, ಮಗಳು ಮೈಸೂರಿನಲ್ಲಿ, ಕಿರಿಯವನು ಪ್ರಕಾಶ್ ಕುಮಾರಸ್ವಾಮಿ ಲೇಔಟಿನಲ್ಲಿ. ಮೂವರಿಗೂ ಜಗಳವೇನೂ ಇರಲಿಲ್ಲ. ಮನೆಯ ಸಾಮಾನಿನಲ್ಲಿ ನಿಮಗೆ ಬೇಕಾದ್ದನ್ನು ಬರೆದುಕೊಡಿ ಎಂದು ನಾನು ಮೂವರ ಹತ್ತಿರವೂ ಬೇರೆ ಬೇರೆಯಾಗಿ ಪಟ್ಟಿ ತರಿಸಿದೆ. ಹಿರಿಯ ಮಗ ತಾನು ಓದುತ್ತಿದ್ದ ಮರದ ಮೇಜು ಕೇಳಿದ್ದರು. ಮಗಳು ತಾನೂ ಅಜ್ಜಿಯೂ ಮಲಗುತ್ತಿದ್ದ ಮಂಚ ಕೇಳಿದ್ದರು. ಪ್ರಕಾಶ್ ಹಾಲ್‌ನಲ್ಲಿದ್ದ ಹಸಿರು ಬೆಂಚು ಕೇಳಿದ್ದರು. ನಾನು ಮೂರನ್ನೂ ಒಂದರ ಕೆಳಗೊಂದು ಬರೆದು ಟೈಪು ಮಾಡಿದೆ. ಮನೆಗೆ ಹೋಗಿ ನೋಡಿದರೆ ಬೆಂಚು ಇತ್ತು. ಹಳೆಯದೆಲ್ಲ ಹಿತ್ತಿಲ ಕೋಣೆಯಲ್ಲಿರುತ್ತದೆ ಎಂದು ಮೂವರೂ ನಂಬಿದ್ದರು, ಅಲ್ಲಿ ನೋಡಿದರೆ ಮೇಜೂ ಇಲ್ಲ, ಮಂಚವೂ ಇಲ್ಲ.

ಎಂಟು ತಿಂಗಳಿಂದ ಮನೆಯ ಬೀಗದ ಕೈ ಮುನಿಯಮ್ಮನ ಹತ್ತಿರ ಇತ್ತು. ಸಾರಕ್ಕಿಯ ಹೆಂಗಸು, ಹನ್ನೊಂದು ವರ್ಷದಿಂದ ಆ ಮನೆಯ ಕಸಮುಸುರೆ ಮಾಡುತ್ತಿದ್ದವಳು, ತಾಯಿಯ ಕೊನೆಯ ದಿನಗಳಲ್ಲಿ ಮಲಮೂತ್ರ ಬಳಿದವಳು. ಮೇಜು ಮಂಚ ಎಲ್ಲಿ ಎಂದು ಪ್ರಕಾಶ್ ಕೇಳಿದರೆ, "ನಾನು ನೋಡೇ ಇಲ್ಲ ಸಾ" ಎಂದಳಂತೆ. ಹನ್ನೊಂದು ವರ್ಷ ಗುಡಿಸಿದವಳು ಒಂದು ಮಂಚವನ್ನೇ ನೋಡಿಲ್ಲ ಎನ್ನುತ್ತಾಳೆಂದರೆ! ಪ್ರಕಾಶ್ ಕೆಂಡವಾದರು. "ಅವಳೇ ಮಾರಿದಾಳೆ ಮೇಡಂ, ಕಂಪ್ಲೇಂಟ್ ಕೊಡೋಣ" ಎಂದರು. ನನಗೂ ಹಾಗೇ ಅನ್ನಿಸಿತು. ಪೊಲೀಸ್ ದೂರನ್ನು ನಾನೇ ಬರೆದೆ. ನಾನು ಸ್ವತಂತ್ರವಾಗಿ ಬರೆದ ಮೊದಲ ಡ್ರಾಫ್ಟು ಅದು. ಚೆನ್ನಾಗಿ ಬಂದಿದೆ ಎಂದು ಹಿರಿಯ ವಕೀಲರು ಮೆಚ್ಚಿದರು. ನಾನು ಹಿಗ್ಗಿದೆ. ಈಗಲೂ ಅದನ್ನು ನೆನೆದರೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಸ್ಟೇಷನ್ನಿಗೆ ಕೊಡುವ ಮೊದಲು ಕಳುವಾದ ಸಾಮಾನಿನ ಬೆಲೆ ಎಷ್ಟೆಂದು ದೂರಿನಲ್ಲಿ ಬರೆಯಬೇಕಿತ್ತು. ಅದಕ್ಕಾಗಿ ಇವರನ್ನು ಕರೆಸಿದೆವು. ಭಾನುವಾರ ಬೆಳಿಗ್ಗೆ ಆ ಹಾಲಿನಲ್ಲಿ ಮೂವರು ಮಕ್ಕಳೂ ಸೇರಿದ್ದರು.

"ನೋಡದೇ ಇರೋದಕ್ಕೆ ಬೆಲೆ ಹೇಳಲ್ಲ. ಹೇಗಿತ್ತು ಅಂತ ಹೇಳಿ, ಕೇಳ್ತೀನಿ" ಎಂದರು.

ಹಿರಿಯ ಮಗ ಹೇಳಿದರು. ಹಾಸನದ ಕ್ವಾರ್ಟರ್ಸಿನಲ್ಲಿ ಆ ಮೇಜಿನ ಮೇಲೆ ಓದುತ್ತಿದ್ದರು. ಹತ್ತು ವರ್ಷಕ್ಕೆ ಓದಲೆಂದು ಅವರನ್ನು ಮೈಸೂರಿನ ಅಜ್ಜನ ಮನೆಗೆ ಕಳಿಸಿದ್ದರಿಂದ ಆಮೇಲಿನದು ಗೊತ್ತಿಲ್ಲ. ಹದಿಮೂರರ ಮಗ್ಗಿ ಬಾಯಿಗೆ ಬರದೆ ಕೈವಾರದ ಮೊನೆಯಿಂದ ಮೇಜಿನ ಮೇಲೇ ಕೆತ್ತಿದ್ದರು. ಹದಿಮೂರೇಳಲಿ ತೊಂಬತ್ತೊಂದರವರೆಗೆ ಬಂದಾಗ ಅಪ್ಪ ನೋಡಿ ಬಾರಿಸಿದ್ದರು, ಅಲ್ಲಿಗೆ ನಿಂತಿತ್ತು. ಪಕ್ಕದಲ್ಲಿ ಒಂದು ದೊಡ್ಡ ಇಂಕಿನ ಕಲೆ. ಮಗಳ ನೆನಪು ತಿಪಟೂರಿನದು. ಮಂಚಕ್ಕೆ ಅಡ್ಡ ಪಟ್ಟಿಗಳಿದ್ದವು, ಒಂದು ಪಟ್ಟಿ ಮುರಿದಿದ್ದ ಕಡೆ ಅಜ್ಜಿ ಹಗ್ಗ ಸುತ್ತಿದ್ದರು. ಈ ಮನೆ ಕಟ್ಟುವ ಮೊದಲೇ ಅವರ ಮದುವೆಯಾಗಿತ್ತು. ಅಕ್ಕನಿಗಿಂತ ಹದಿನೈದು ವರ್ಷ ಚಿಕ್ಕವರಾದ ಪ್ರಕಾಶ್ ಬುದ್ಧಿ ಬಂದಾಗಿನಿಂದ ಕಂಡದ್ದು ಗೋಡೆಗೆ ಒರಗಿಸಿಟ್ಟ ಹಸಿರು ಬೆಂಚು ಮಾತ್ರ. ಗೇಟಿಗೆ ಹೊಡೆದು ಉಳಿದ ಬಣ್ಣವನ್ನೇ ಅಪ್ಪ ಅದಕ್ಕೂ ಹೊಡೆದಿದ್ದರು.

ಇವರು ಕೇಳುತ್ತ ಕೇಳುತ್ತ ಬೆಂಚಿನ ಕಡೆ ನೋಡಿದರು. ಟಾರ್ಚು ಹಿಡಿದು ಅದರಡಿಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಎದ್ದು ಕೂತು, "ಒರೆಸೋರನ್ನ ಕರೀರಿ" ಎಂದರು.

"ಅವಳ್ಯಾಕೆ? ಅವಳ ಮೇಲೇ ಕಂಪ್ಲೇಂಟು ಇರೋದು. ಈ ಬಾಗಿಲಿಗೆ ಬರಬಾರ್ದು ಅಂತ ಅವಳಿಗೆ ಹದಿನೈದು ದಿನದ ಹಿಂದೇ ಹೇಳಿದೀನಿ" ಎಂದರು ಪ್ರಕಾಶ್.

"ಹಾಗಾದ್ರೆ ನಾನು ಹೊರಡ್ತೀನಿ ಸಾರ್" ಎಂದು ಇವರು ಟಾರ್ಚನ್ನು ಚೀಲಕ್ಕೆ ಹಾಕಿಕೊಂಡರು.

ಹಿರಿಯ ಮಗ ತಮ್ಮನನ್ನು ಸುಮ್ಮನಿರಿಸಿದರು. ಕರೆತರಲು ನಾನೇ ಆಟೋದಲ್ಲಿ ಸಾರಕ್ಕಿಗೆ ಹೋದೆ. ಮಾರ್ಕೆಟಿನ ಹಿಂದೆ, ದೊಡ್ಡಮ್ಮನ ಗುಡಿಯ ಪಕ್ಕದ ಓಣಿಯಲ್ಲಿ ನೀಲಿ ಬಾಗಿಲ ಮನೆ. ನನ್ನನ್ನು ಕಂಡವಳೇ ಮುನಿಯಮ್ಮ ಏನೂ ಕೇಳದೆ ಒಳಗೆ ಹೋಗಿ ಒಂದು ವೈರ್ ಬ್ಯಾಗು ತಂದಳು. ಅದರಲ್ಲಿ ಮಡಿಸಿದ ಒಂದು ಸೀರೆ, ಒಂದು ಟವೆಲು, ಮಾತ್ರೆಯ ಚೀಟಿ. ಆಟೋ ಹೊರಟ ಮೇಲೆ ಮೆಲ್ಲಗೆ, "ಸ್ಟೇಷನ್‌ಗಾ ಮೇಡಂ?" ಎಂದಳು.

"ಇಲ್ಲಮ್ಮ, ಮನೆಗೇ."

"ಇನ್ನೆರಡು ಮನೇಲೂ ಬರಬೇಡ ಅಂದವ್ರೆ. ಕಳ್ಳಿ ಅಂತ ಒಂದ್ ಸಲ ಹೆಸರು ಬಂದ್ರೆ ಈ ಏರಿಯಾದಾಗೆ ಯಾರೂ ಕರೆಯಾಕಿಲ್ಲ. ಮಗಳ ಮದುವೆ ಮಾತು ಬೇರೆ ನಡೀತೈತೆ." ನನ್ನ ಚೀಲದಲ್ಲಿ ಆ ದೂರಿನ ಪ್ರತಿ ಇತ್ತು. ಚೀಲ ಅವಳ ಮೊಣಕೈಗೆ ತಗುಲುತ್ತಿತ್ತು, ನಾನು ಅದನ್ನು ಇನ್ನೊಂದು ಪಕ್ಕಕ್ಕೆ ಇಟ್ಟುಕೊಂಡೆ.

ಇವರು ಅವಳನ್ನು ಬೆಂಚಿನ ಹತ್ತಿರ ಕರೆದರು. "ನಿಮ್ಮ ಪೂರ್ತಿ ಹೆಸರು ಹೇಳಿಮ್ಮ."

"ಮುನಿಯಮ್ಮ."

"ಇನಿಷಿಯಲ್ಲು?"

"ಅದೆಲ್ಲ ಇಲ್ಲ ಸಾ."

"ತಂದೆ ಹೆಸರು?"

"ಚಿಕ್ಕಣ್ಣ."

ಸಾಕ್ಷಿ ಹೇಳಿಕೆಗೆ ಬೇಕಾದೀತು ಎಂದು ನಾನೂ ಬರೆದುಕೊಂಡೆ. ಅವರು ಮುಂದುವರಿಸಿದರು: "ಇದನ್ನ ಒರೆಸೋವಾಗ ಹಿಂದುಗಡೆನೂ ಒರೆಸ್ತೀರಾ?"

"ದಿನಾ ಇಲ್ಲ. ಹಬ್ಬಕ್ಕೆ ಗೋಡೆಯಿಂದ ಎಳೆದು ಒರೆಸ್ತೀನಿ. ಹಿಂದ್ಗಡೆ ಬಣ್ಣ ಇಲ್ಲ ಸಾ. ಇಂಕಿನ ಕಲೆ ಐತೆ, ಎಷ್ಟು ತಿಕ್ಕಿದ್ರೂ ಹೋಗಾಕಿಲ್ಲ. ಯಾರೋ ಮಕ್ಳು ಗೀಚವ್ರೆ."

ಹಿರಿಯ ಮಗ ಕುರ್ಚಿಯಿಂದ ಎದ್ದು ನಿಂತರು.

"ಅಡೀಲಿ?"

"ಅಡೀಲಿ ಪಟ್ಟಿ ಪಟ್ಟಿ ಐತೆ. ಒಂದ್ ಕಡೆ ಹಗ್ಗ ಸುತ್ತವ್ರೆ. ಪೊರಕೆ ಅಲ್ಲೇ ಸಿಕ್ಕಾಕ್ಕೊಂತದೆ."

ಮಗಳು "ಅಯ್ಯೋ ದೇವ್ರೇ" ಎಂದರು. ಪ್ರಕಾಶ್ ಮಾತ್ರ ಇನ್ನೂ ಅರ್ಥವಾಗದೆ ಎಲ್ಲರ ಮುಖ ನೋಡುತ್ತಿದ್ದರು.

ಇವರು ಬೆಂಚನ್ನು ಗೋಡೆಯಿಂದ ಈಚೆಗೆ ಎಳೆದು, ಎರಡು ಸ್ಕ್ರೂ ಬಿಚ್ಚಿದರು. "ಇವೆರಡು ಆಮೇಲೆ ಹಾಕಿದ್ದು. ಸ್ವಂತ ಮನೆ ಆದ್ಮೇಲೆ ನಿಮ್ಮ ತಂದೆ ಹಾಕಿರ್ತಾರೆ. ಇನ್ನು ವರ್ಗ ಇಲ್ಲ, ಬೆಂಚಾಗೇ ಇರ್ಲಿ ಅಂತ." ಒರಗುವ ಹಲಗೆಯನ್ನು ಎತ್ತಿ ಮುಂದಕ್ಕೆ ಬಗ್ಗಿಸಿದರು. ಬಣ್ಣ ಒಡೆದು ಕರಕರ ಸದ್ದಾಯಿತು. ಹಲಗೆ ಬೆಂಚಿನ ಎರಡೂ ಕೈಗಳ ಮೇಲೆ ಚಪ್ಪಟೆಯಾಗಿ ಕೂತು ಮೇಜಾಯಿತು. ಇಷ್ಟು ವರ್ಷ ಗೋಡೆ ನೋಡುತ್ತಿದ್ದ ಮುಖ ಮೇಲಕ್ಕೆ ಬಂತು. ಅದರ ಮೇಲೆ ಇಂಕಿನ ಕಲೆ, ಪಕ್ಕದಲ್ಲಿ ಹದಿಮೂರರ ಮಗ್ಗಿ, ತೊಂಬತ್ತೊಂದಕ್ಕೆ ನಿಂತದ್ದು. ಹಲಗೆಯನ್ನು ಮತ್ತೆ ಹಿಂದಕ್ಕೆ ನಿಲ್ಲಿಸಿ, ಕೂರುವ ಕಡೆಯ ಮುಂದಿನ ಪಟ್ಟಿ ಹಿಡಿದು ಎಳೆದರು. ಅಡ್ಡಪಟ್ಟಿಗಳು ಒಂದೊಂದಾಗಿ ಹೊರಬಂದು ಇಬ್ಬರು ಮಲಗುವಷ್ಟು ಅಗಲದ ಮಂಚವಾಯಿತು. ಹಗ್ಗ ಹಾಗೇ ಇತ್ತು. ಮಗಳು ಅದರ ಪಕ್ಕ ನೆಲಕ್ಕೆ ಕುಸಿದು ಕೂತು ಆ ಹಗ್ಗವನ್ನು ಮುಟ್ಟಿ ಅತ್ತರು.

ಊರೂರು ಲಾರಿಯಲ್ಲಿ ಸಾಮಾನು ಸಾಗಿಸಬೇಕಾದ ಮನುಷ್ಯ ಯಾವುದೋ ಬಡಗಿಯ ಹತ್ತಿರ ಮೂರು ಕೆಲಸಕ್ಕೆ ಒಂದೇ ವಸ್ತು ಮಾಡಿಸಿದ್ದ. ಒಬ್ಬೊಬ್ಬ ಮಗುವಿಗೂ ಅದರ ಒಂದೊಂದು ರೂಪ ಮಾತ್ರ ನೆನಪಿತ್ತು. ಮೂರೂ ರೂಪದ ಗುರುತು ತಿಳಿದಿದ್ದವಳು ಒಬ್ಬಳೇ, ಒರೆಸುವವಳು. ಅವಳನ್ನು ಮಂಚ ಎಲ್ಲಿ ಎಂದು ಕೇಳಿದರೇ ಹೊರತು ಬೆಂಚು ಹೇಗಿದೆ ಎಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಮೂರು ಚೀಟಿ ನೋಡಿ ಮೂರು ಸಾಮಾನು ಎಂದು ಟೈಪು ಮಾಡಿದವಳು ನಾನು.

"ಬೆಲೆ ಏನಾಗುತ್ತೆ?" ಎಂದು ಹಿರಿಯ ಮಗ ಕೇಳಿದರು, ಏನಾದರೂ ಕೇಳಬೇಕಲ್ಲ ಎಂಬಂತೆ.

"ಬೆಂಚು ಅಂತ ಮಾರಿದ್ರೆ ಸೌದೆ ಬೆಲೆ. ಹೊನ್ನೆ ಮರ, ಕೈ ಸ್ಕ್ರೂ, ಮೂರೂ ಕೆಲಸ ನಡೆಯುತ್ತೆ ಅಂತ ತೋರಿಸಿ ಮಾರಿದ್ರೆ ಒಳ್ಳೇ ಬೆಲೆ ಬರುತ್ತೆ. ಮೂರು ಪಾಲು ಮಾಡೋಕೆ ಹೋದ್ರೆ ಮತ್ತೆ ಸೌದೆ. ವಕೀಲಮ್ಮ, ಬರ್ಕೊಳಿ. ಬೆಂಚು, ಮೇಜು, ಮಂಚ, ಮೂರೂ ಸೇರಿ ಒಂದು ವ‌ಸ್ತು. ಯಾವುದೂ ಕಳೆದಿಲ್ಲ. ಕೆಳಗಡೆ ಮೂವರೂ ಸೈನ್ ಮಾಡ್ಲಿ."

ಯಾವುದೂ ಕಳೆದಿಲ್ಲ ಎಂದು ಬರೆದೆ. ಮೂವರೂ ಸಹಿ ಮಾಡಿದರು. ಇವರು ಪೆನ್ಸಿಲ್ ತೆಗೆದು ಎಂದಿನಂತೆ ಎರಡನೇ ಸಲ ಅಡಿಗೆ ಹೋದರು. ಪ್ರಕಾಶ್, "ತಪ್ಪು ತಿಳ್ಕೋಬೇಡ ಮುನಿಯಮ್ಮ" ಎಂದರು.

"ತಪ್ಪು ತಿಳ್ಕೊಂಡಿದ್ದು ನಾನಲ್ಲ ಸಾ."

ಅಷ್ಟೇ ಅಂದಳು. ಅಡಿಯಿಂದ ಎದ್ದ ಇವರ ಬೆನ್ನ ತುಂಬ ಧೂಳು. ಅವಳು ವೈರ್ ಬ್ಯಾಗಿನಿಂದ ಟವೆಲು ತೆಗೆದು ಆ ಬೆನ್ನನ್ನು ಮೇಲಿನಿಂದ ಕೆಳಗಿನವರೆಗೆ ಒರೆಸಿದಳು. ಇವರು ಸುಮ್ಮನೆ ನಿಂತು ಒರೆಸಿಸಿಕೊಂಡರು. ಆಮೇಲೆ ಇಬ್ಬರೂ ಒಟ್ಟಿಗೇ ಗೇಟು ದಾಟಿ ಹೋದರು. ಮುನಿಯಮ್ಮ ಮತ್ತೆ ಆ ಮನೆಗೆ ಬರಲಿಲ್ಲ. ದೂರನ್ನು ನಾನು ಹರಿದು ಹಾಕಿದೆ. ಕೆಲಸ ಬಿಡಿಸಿದ ಎರಡು ಮನೆಗಳಿಗೂ ಹೋಗಿ ಆ ಪಟ್ಟಿಯನ್ನು ತೋರಿಸಿ ಬಂದೆ. ಒಬ್ಬರು ಅವಳನ್ನು ಮತ್ತೆ ಕರೆದರು, ಇನ್ನೊಬ್ಬರು ಆಗಲೇ ಬೇರೆಯವರನ್ನು ಇಟ್ಟುಕೊಂಡಿದ್ದರು. ನನ್ನಿಂದಾದದ್ದು ಅಷ್ಟು. ಬೆಂಚು ಚೀಟಿ ಎತ್ತಿದಾಗ ಪ್ರಕಾಶ್‌ಗೆ ಬಂತು.

ಆಮೇಲೆ ಏಳೆಂಟು ವರ್ಷ ಅವರ ಜೊತೆ ಓಡಾಡಿದ್ದೇನೆ. ಕಣ್ಣಿಂದ ನೋಡದ, ಕೈಯಿಂದ ಮುಟ್ಟದ ಯಾವುದನ್ನೂ ಪಟ್ಟಿಗೆ ಸೇರಿಸಲಿಲ್ಲ. ಆ ದಿನದ ಬಗ್ಗೆ ಅವರು ಒಂದು ಸಲವೂ ಎತ್ತಿ ಆಡಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ.

ಒಂದು ದಿನ ಯಡಿಯೂರಿಗೆ ಹೋದರೆ ಅಂಗಡಿಗೆ ಬೀಗ. ತೀರಿಕೊಂಡು ಹತ್ತು ದಿನವಾಗಿತ್ತು. ಅಂಗಡಿಯ ಹಿಂದೆಯೇ ಮನೆ. ಅವರ ಹೆಂಡತಿ ನನಗೆ ಕುರ್ಚಿ ಹಾಕಿದರು, ತಾವು ಚಾಪೆಯ ಮೇಲೆ ಕೂತರು. ಮಾತು ಮಾತಲ್ಲಿ, "ಎರಡೆರಡು ಸಲ ನೆಲದಲ್ಲಿ ಬಿದ್ದು ಅಂಗಿ ಹಾಳು ಮಾಡ್ಕೊಂಡು ಬರೋರು. ಯಾಕೆ ಅಂದ್ರೆ, ಒಂದ್ಸಲ ನೋಡಕ್ಕೆ, ಒಂದ್ಸಲ ಬರೆಯಕ್ಕೆ ಅನ್ನೋರು" ಎಂದರು.

"ಏನು ಬರೀತಿದ್ರು?"

"ನಂಗೇನು ಗೊತ್ತಮ್ಮ? ಜೊತೇಲಿ ಹೋಗ್ತಿದ್ದೋರು ನೀವು."

ಮರುದಿನವೇ ಕುಮಾರಸ್ವಾಮಿ ಲೇಔಟಿಗೆ ಹೋದೆ. ಪ್ರಕಾಶ್ ಈಗ ಸ್ವಲ್ಪ ದಪ್ಪಗಾಗಿದ್ದರು, ನನ್ನನ್ನು ಗುರುತಿಸಿ ಕಾಫಿಗೆ ಹೇಳಿದರು. ಹಸಿರು ಬಣ್ಣ ತೆಗೆಸಿದ ಬೆಂಚು ಹಾಲಿನಲ್ಲೇ ಇತ್ತು. ಸಂಗತಿ ಹೇಳಿ, ಸೀರೆ ಸುತ್ತಿಕೊಂಡು, ನೆಲದ ಮೇಲೆ ಅಂಗಾತ ಮಲಗಿ ಬೆಂಚಿನಡಿಗೆ ಸರಿದೆ. ಮೊಬೈಲಿನ ಟಾರ್ಚು ಹಚ್ಚಿದೆ. ಕೂರುವ ಹಲಗೆಯ ಒಳಮೈಯಲ್ಲಿ, ಬಡಗಿ ಪೆನ್ಸಿಲಿನ ದಪ್ಪ ಅಕ್ಷರಗಳಲ್ಲಿ ಬರೆದಿತ್ತು.

"ಏನಿದೆ ಮೇಡಂ?" ಎಂದರು ಪ್ರಕಾಶ್ ಮೇಲಿನಿಂದ.

"ನೀವೇ ಬಂದು ಓದಿ" ಎಂದೆ.

ಅವರು ಮೊದಲು ಬಗ್ಗಿ ನೋಡಿದರು, ಕಾಣಲಿಲ್ಲ. ಮಂಡಿಯೂರಿದರು, ಆಗಲೂ ಕಾಣಲಿಲ್ಲ. ಕೊನೆಗೆ ಉಸ್ಸಪ್ಪಾ ಎನ್ನುತ್ತ ನನ್ನ ಪಕ್ಕದಲ್ಲಿ ಅಂಗಾತ ಮಲಗಿ ಒಳಗೆ ಸರಿದರು. ನಾನು ಬೆಳಕು ಹಿಡಿದೆ. ಅವರು ಸಣ್ಣ ಮಕ್ಕಳು ಓದುವ ಹಾಗೆ ಜೋರಾಗಿ, ಒಂದೊಂದೇ ಪದ ಓದಿದರು.

"ಒರೆಸಿದವರು ಸಿ. ಮುನಿಯಮ್ಮ, ಸಾರಕ್ಕಿ. ಹನ್ನೊಂದು ವರ್ಷ. ಯಾವುದೂ ಕಳೆದಿಲ್ಲ."

ಇನ್ನೊಂದು ಸಲ ಓದಿದರು, ಈ ಸಲ ಮನಸ್ಸಿನಲ್ಲಿ. ನಾನು ಎದ್ದೆ. ಅವರು ಏಳಲಿಲ್ಲ. ಕಾಫಿ ತಂದ ಹೆಂಡತಿ ಗಂಡನ ಕಾಲುಗಳನ್ನು ನೋಡುತ್ತ ನಿಂತರು.

"ಮೇಡಂ," ಅಡಿಯಿಂದಲೇ ದನಿ ಬಂತು, "ಸಾರಕ್ಕೀಲಿ ಮುನಿಯಮ್ಮನವರ ಮನೆ ಎಲ್ಲಿ ಬರುತ್ತೆ?"

ನನಗೆ ಗೊತ್ತಿತ್ತು. ಹೇಳಿದೆ.